ಪ್ರತಿಕ್ರಿಯೆ: ಕಾರ್ಡನಾಲ್ ಹೆಸರಿನೊಳಗೆ ಹೃದಯ ಬಂದದ್ದು ಹೇಗೆ?

ಕಾರ್ಕಳದ ಗೇರುಬೀಜ ಕಾರ್ಖಾನೆಯ ಡ್ರಮ್ಮಿನ ಮೇಲೆ 'ಕಾರ್ಡನಾಲ್' ಎಂದು ನೋಡಿ, ಇದು ಹೃದಯದ ಔಷಧವೇ ಎಂದು ಕೇಳಿದ್ದೀರಿ. ಅಲ್ಲ. ಅದು ಗೇರು ಸಿಪ್ಪೆಯ ಎಣ್ಣೆಯಿಂದ ಸಿಗುವ ರಾಸಾಯನಿಕ. ಹೆಸರಲ್ಲಿ ಹೃದಯ ಇರುವುದು ಮಾತ್ರ ನಿಜ.

ಗ್ರೀಕ್‌ನಲ್ಲಿ 'ಕಾರ್ಡಿಯಾ' ಎಂದರೆ ಹೃದಯ. ಅದು ಕಾರ್ಡನಾಲ್ ಹೆಸರಿಗೆ ಬಂದದ್ದು 'ಅನಾಕಾರ್ಡಿಯಂ' ಎಂಬ ಹೆಸರಿನ ಮೂಲಕ. ಯುರೋಪಿನ ಹಳೆಯ ಔಷಧ ವ್ಯಾಪಾರಿಗಳು 'ಅನಾಕಾರ್ಡಿಯಂ' ಎನ್ನುತ್ತಿದ್ದದ್ದು ಗೋಡಂಬಿಗಲ್ಲ, ಆಯುರ್ವೇದದ ಭಲ್ಲಾತಕಕ್ಕೆ. ಅದೇ, ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು. ಅದರ ಕಾಯಿ ಹೃದಯದ ಆಕಾರದ್ದು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಆ ಹೆಸರನ್ನು ಬ್ರೆಜಿಲ್ ಮೂಲದ ಗೋಡಂಬಿ ಮರಕ್ಕೆ ಕೊಟ್ಟ. ಭಲ್ಲಾತಕದ ವೈಜ್ಞಾನಿಕ ಹೆಸರು ಈಗ 'ಸೆಮೆಕಾರ್ಪಸ್ ಅನಾಕಾರ್ಡಿಯಂ'. ನನಗೆ ತುಂಬ ಇಷ್ಟವಾಗುವುದು ಇದು: ನಮ್ಮವರೂ ಪೋರ್ಚುಗೀಸರು ತಂದ ಹೊಸ ಮರಕ್ಕೆ ಭಲ್ಲಾತಕದ 'ಗೇರು' ಎಂಬ ಹೆಸರನ್ನೇ ಕೊಟ್ಟರು! ಎರಡೂ ಒಂದೇ ಕುಟುಂಬದವು, ಎರಡರ ಎಣ್ಣೆಯೂ ಚರ್ಮ ಸುಡುತ್ತದೆ.

ಉಳಿದದ್ದು ಸುಲಭ. ಗೇರು ಸಿಪ್ಪೆಯ ಎಣ್ಣೆಯ ಆಮ್ಲಕ್ಕೆ ಮರದ ಹೆಸರಿನಿಂದಲೇ 'ಅನಾಕಾರ್ಡಿಕ್ ಆಮ್ಲ' ಎಂದರು. ಅದನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಉಳಿಯುವುದೇ ಕಾರ್ಡನಾಲ್. ಕೊನೆಯ 'ಆಲ್' ಫಿನಾಲ್ ಎಂಬ ರಾಸಾಯನಿಕಗಳ ಜಾತಿಯ ಗುರುತು. ಕಾರ್ಡನಾಲನ್ನು ಬಣ್ಣ, ಬ್ರೇಕ್ ಲೈನಿಂಗ್‌ಗಳಿಗೆ ಬಳಸುತ್ತಾರೆ. ಹಸಿ ಸಿಪ್ಪೆಯ ಎಣ್ಣೆಯನ್ನಂತೂ ಬರಿಗೈಯಲ್ಲಿ ಮುಟ್ಟಬೇಡಿ.