ಮನಿಪ್ಲಾಂಟ್ ಮಳೆಗಾಲದಲ್ಲೇ ಯಾಕೆ ಕೊಳೆಯುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಫ್ಲ್ಯಾಟ್‌ನ ಹಾಲ್‌ನಲ್ಲಿ 8 ಇಂಚಿನ ಕುಂಡದಲ್ಲಿ ಮನಿಪ್ಲಾಂಟ್ ಇಟ್ಟಿದ್ದೇವೆ. ಬೇಸಿಗೆಯಲ್ಲಿ ನಳನಳಿಸುತ್ತಿತ್ತು. ಜುಲೈ ಹಿಡಿದ ಮೇಲೆ ಬುಡದ ಎಲೆಗಳು ಹಳದಿಯಾಗಿ ಉದುರುತ್ತಿವೆ, ತುದಿಯ ಎಲೆಗಳೂ ಬಾಡಿವೆ. ದಿನ ಬಿಟ್ಟು ದಿನ ಒಂದು ಲೋಟ ನೀರು ತಪ್ಪಿಸಿಲ್ಲ. ಗೊಬ್ಬರ ಸಾಲದೇ?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಗೊಬ್ಬರ ಹಾಕಬೇಡಿ. ಹಾಕಿದರೆ ಇರುವ ಬೇರೂ ಸುಡುತ್ತದೆ. ತಪ್ಪಿಸದೆ ಕೊಟ್ಟ ಆ ಒಂದು ಲೋಟ ನೀರೇ ಇಲ್ಲಿ ತೊಂದರೆ ಮಾಡಿದ್ದು.

ಏಪ್ರಿಲ್‌ನಲ್ಲಿ ಕಿಟಕಿ ತೆರೆದಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಬೆಳಕು ಧಾರಾಳ. ಆಗ ಗಿಡ ಕುಡಿಯುವ ನೀರೂ ಹೆಚ್ಚು, ಮಣ್ಣಿನಿಂದ ಆರುವ ನೀರೂ ಹೆಚ್ಚು. ಜುಲೈಯಲ್ಲಿ ಕರಾವಳಿಯ ಗಾಳಿಯೇ ಒದ್ದೆ. ಬಟ್ಟೆ ಮೂರು ದಿನವಾದರೂ ಒಣಗದ ಮನೆಯಲ್ಲಿ ಕುಂಡದ ಮಣ್ಣು ಎರಡು ದಿನಕ್ಕೆ ಒಣಗುವುದು ಹೇಗೆ? ಅದರ ಮೇಲೆ ಕಿಟಕಿ ಮುಚ್ಚಿ, ಆಕಾಶ ಕವಿದು, ಬೆಳಕೂ ಕಡಿಮೆ. ಬೆಳಕಿಲ್ಲದ ಗಿಡ ನೀರನ್ನೂ ಬಳಸುವುದಿಲ್ಲ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ನಿಂತು ಬೇರಿಗೆ ಉಸಿರು ಕಟ್ಟುತ್ತದೆ. ಹಾಗೆ ಸೋತ ಬೇರಿಗೆ ಪಿಥಿಯಂನಂಥ ರೋಗಾಣುಗಳಿಂದ ಕೊಳೆರೋಗ ಸುಲಭವಾಗಿ ಹತ್ತುತ್ತದೆ. ಕೊಳೆತ ಬೇರು ನೀರೆಳೆಯದ ಕಾರಣ ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ. ಬಾಡಿತೆಂದು ಇನ್ನಷ್ಟು ನೀರು ಹೊಯ್ಯುವುದರಿಂದಲೇ ಹೆಚ್ಚಿನ ಗಿಡಗಳು ಸಾಯುತ್ತವೆ.

ಗಿಡವನ್ನು ಕುಂಡದಿಂದ ಹೊರತೆಗೆದು ನೋಡಿ. ಆರೋಗ್ಯದ ಬೇರು ಬಿಳಿ ಅಥವಾ ತಿಳಿ ಕಂದು, ಹಿಡಿದರೆ ಗಟ್ಟಿ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆದರೆ ಹೊರಗಿನ ಸಿಪ್ಪೆ ಲೋಳೆಯಂತೆ ಕಳಚಿ ಕೈಗೆ ಬರುತ್ತದೆ, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ವಾಸನೆಯೂ ಗೊತ್ತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಬೇರು ಗಟ್ಟಿಯಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ಬುಡವೇ ಕಪ್ಪಾಗಿದ್ದರೆ ಆ ಬುಡದ ಆಸೆ ಬಿಟ್ಟು ಬಳ್ಳಿಯನ್ನು ಉಳಿಸಿಕೊಳ್ಳಿ. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ, ಹಸಿರಾಗಿ ಗಟ್ಟಿಯಾಗಿರುವ ಭಾಗದಲ್ಲಿ ಎರಡೆರಡು ಗಂಟು (ಬಳ್ಳಿಯಲ್ಲಿ ಎಲೆ ಹುಟ್ಟುವ ಜಾಗ) ಇರುವ ತುಂಡು ಮಾಡಿ. ಕೆಳಗಿನ ಗಂಟಿನ ಎಲೆ ತೆಗೆದು, ಆ ಗಂಟು ಮುಳುಗುವಷ್ಟು ನೀರಿನಲ್ಲಿಡಿ. ನಮ್ಮ ಸೆಕೆಗೆ ಎರಡು–ಮೂರು ವಾರದಲ್ಲಿ ಬೇರು ಬರುತ್ತದೆ. 2 ಇಂಚು ಬೆಳೆದ ಕೂಡಲೇ ನಾಲ್ಕೈದು ತುಂಡುಗಳನ್ನು ಒಂದೇ ಕುಂಡದಲ್ಲಿ ನೆಡಿ. ಒಂದೊಂದೇ ನೆಟ್ಟರೆ ಕುಂಡ ಎಂದಿಗೂ ತುಂಬಿದಂತೆ ಕಾಣುವುದಿಲ್ಲ.

ಕುಂಡ 5–6 ಇಂಚಿನದು ಸಾಕು, ತಳದಲ್ಲಿ ತೂತು ಇರಲೇಬೇಕು. ಎಳೆಬೇರಿಗೆ ದೊಡ್ಡ ಕುಂಡ ಕೊಟ್ಟರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಅಂಗಳದ ಮುರಮಣ್ಣನ್ನು ಬರೀ ಅದೊಂದನ್ನೇ ತುಂಬಬೇಡಿ, ಎರಡು ತಿಂಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಕೋಕೋಪೀಟ್ (ತೆಂಗಿನ ಸಿಪ್ಪೆಯ ನಾರಿನ ಪುಡಿ) 2 ಪಾಲು, ಜರಡಿ ಹಿಡಿದ ಕೆಂಪುಮಣ್ಣು 1 ಪಾಲು, ದಪ್ಪ ಹೊಳೆಮರಳು ಅಥವಾ ಪರ್ಲೈಟ್ 1 ಪಾಲು, ಎರೆಗೊಬ್ಬರ 1 ಪಾಲು. ತೆಂಗಿನ ಕಾಯಿಸಿಪ್ಪೆಯನ್ನು ಅರ್ಧ ಇಂಚಿನ ಚೂರು ಮಾಡಿ ಒಂದು ಹಿಡಿ ಬೆರೆಸಿದರೆ ಇನ್ನೂ ಒಳ್ಳೆಯದು. ಕಡಲತೀರದ ಮರಳು ಮಾತ್ರ ಬೇಡವೇ ಬೇಡ, ಉಪ್ಪು. ತಳದಲ್ಲಿ ಜಲ್ಲಿಕಲ್ಲಿನ ಪದರ ಹಾಕುವ ರೂಢಿಯೂ ಅನಗತ್ಯ. ಮೇಲಿನ ನಯವಾದ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಒದ್ದೆ ಪದರ ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು.

ಇನ್ನು ನೀರು. ವಾರ ನೋಡಿ ಕೊಡಬೇಡಿ, ಬೆರಳು ಹಾಕಿ ಕೊಡಿ. ತೋರುಬೆರಳಿನ ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ತೂತಿನಿಂದ ಇಳಿಯುವಷ್ಟು ಹೊಯ್ದು, ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ. ಒದ್ದೆಯಿದ್ದರೆ ಕೈ ಹಿಂತೆಗೆಯಿರಿ. 6 ಇಂಚಿನ ಕುಂಡಕ್ಕೆ ಬೇಸಿಗೆಯಲ್ಲಿ ಮೂರು–ನಾಲ್ಕು ದಿನಕ್ಕೊಮ್ಮೆ, ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಎಂಟು–ಹನ್ನೆರಡು ದಿನಕ್ಕೊಮ್ಮೆ ಬೇಕಾದೀತು. ಮನೆಯಿಂದ ಮನೆಗೆ ಇದು ಬೇರೆ, ಹಾಗಾಗಿ ಬೆರಳನ್ನೇ ನಂಬಿ.

ಪ್ರಶ್ನೆ: ಹಾಸ್ಟೆಲ್ ರೂಮಿನಲ್ಲಿ ಬಾಟಲಿ ನೀರಿಗೆ ಒಂದು ಎಲೆ ಹಾಕಿಟ್ಟು ಏಳು ತಿಂಗಳಾಯಿತು. ಬೇರು ಬಂದಿದೆ, ಹೊಸ ಎಲೆ ಒಂದೂ ಇಲ್ಲ. ನೀರಿನಲ್ಲೇ ಬೆಳೆಸಿದರೆ ಸೊಳ್ಳೆ ಆಗುತ್ತದೆಂದು ವಾರ್ಡನ್ ತೆಗೆಯಲು ಹೇಳುತ್ತಿದ್ದಾರೆ.
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಆ ಎಲೆ ಇನ್ನೂ ಏಳು ತಿಂಗಳು ಹಾಗೇ ಇರುತ್ತದೆ. ಚಿಗುರಿನ ಮೊಗ್ಗು ಇರುವುದು ಎಲೆಯ ತೊಟ್ಟಿನಲ್ಲಲ್ಲ, ಬಳ್ಳಿಯ ಗಂಟಿನಲ್ಲಿ. ತೊಟ್ಟು ಬೇರು ಬಿಟ್ಟೀತು, ಬಳ್ಳಿಯಾಗದು. ಗಂಟಿರುವ ತುಂಡೊಂದನ್ನು ಯಾರಲ್ಲಾದರೂ ಕೇಳಿ ತನ್ನಿ. ಕದ್ದು ತಂದರೇ ಬೆಳೆಯುವುದು ಎಂಬ ಮಾತಿದೆ, ಕೇಳಿ ತಂದದ್ದೂ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ.

ವಾರ್ಡನ್ ಹೇಳಿದ್ದು ಸರಿಯಾದ ಎಚ್ಚರಿಕೆ. 2019ರಲ್ಲಿ ಮಂಗಳೂರಿನಲ್ಲಿ ಡೆಂಗಿ ಎಷ್ಟು ಹಬ್ಬಿತ್ತೆಂದು ಕರಾವಳಿ ಜಿಲ್ಲೆಗಳವರು ಮರೆತಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ತಿಳಿನೀರೇ ಇಷ್ಟ. ಮೊಟ್ಟೆಯಿಂದ ರೆಕ್ಕೆ ಬರಲು ಸುಮಾರು ಎಂಟು–ಹತ್ತು ದಿನ. ಆದ್ದರಿಂದ ಐದು ದಿನಕ್ಕೊಮ್ಮೆ ನೀರು ಬದಲಿಸಿ. ಬರೀ ಚೆಲ್ಲಿದರೆ ಸಾಲದು: ಮೊಟ್ಟೆ ಇರುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಬಾಟಲಿಯ ಒಳಗೋಡೆಗೆ ಅಂಟಿಕೊಂಡು. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ಬ್ರಷ್ ಹಾಕಿ ಉಜ್ಜಿ ತೊಳೆಯಿರಿ, ಬಾಯಿಗೆ ಬಳ್ಳಿಯ ಸುತ್ತ ಹತ್ತಿ ತುರುಕಿ. ಬಣ್ಣದ ಬಾಟಲಿಯಾದರೆ ಪಾಚಿ ಕಡಿಮೆ. ತಿಂಗಳಿಗೊಮ್ಮೆ ಲೀಟರಿಗೆ ಕಾಲು ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ ಪುಡಿ) ಸಾಕು. ಇಷ್ಟು ಮಾಡಲು ಆಗದಿದ್ದರೆ ಕುಂಡಕ್ಕೇ ಹಾಕಿ. ನೀರಿನಲ್ಲಿ ಬಂದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಎರಡು ವಾರ ಬೇಕು, ಅಷ್ಟು ದಿನ ಮಣ್ಣು ಪೂರ್ತಿ ಒಣಗದಿರಲಿ.

ಪ್ರಶ್ನೆ: ಸಮುದ್ರದ ಕಡೆಗಿನ ಬಾಲ್ಕನಿಯಲ್ಲಿ ತೂಗುಹಾಕಿದ ಗಿಡದ ಎಲೆಯಂಚು ಸುಟ್ಟಂತೆ ಕಂದಾಗುತ್ತಿದೆ. ಬಾವಿ ನೀರನ್ನೇ ಹಾಕುತ್ತೇವೆ.
– ಗೃಹಿಣಿ, ಮಲ್ಪೆ

ಉತ್ತರ: ಎರಡು ಕಡೆಯಿಂದ ಉಪ್ಪು ಬರುತ್ತಿದೆ. ಕಡಲ ಗಾಳಿ ಎಲೆಯ ಮೇಲೆ ತರುತ್ತದೆ. ತೀರದ ಬಾವಿಗಳಲ್ಲಿ ಏಪ್ರಿಲ್–ಮೇ ಹೊತ್ತಿಗೆ ನೀರಿನ ಮಟ್ಟ ಇಳಿದಾಗ ಉಪ್ಪುನೀರು ಒಳನುಗ್ಗುವುದುಂಟು, ಅದು ಬೇರಿಗೆ ಸೇರುತ್ತದೆ. ಗಿಡವನ್ನು ಬಾಲ್ಕನಿಯಿಂದ ಮೂರು–ನಾಲ್ಕು ಅಡಿ ಒಳಗೆ ತನ್ನಿ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಎಲೆಯ ಎರಡೂ ಬದಿ ಒರೆಸಿ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಕುಂಡದ ಗಾತ್ರದ ಮೂರು ಪಟ್ಟು ಮಳೆನೀರನ್ನು ನಿಧಾನವಾಗಿ ಹೊಯ್ದು ತೊಳೆದುಬಿಡಿ. ಆರ್‌ಒ ಯಂತ್ರದಿಂದ ಹೊರಬೀಳುವ ವ್ಯರ್ಥ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ಉಪ್ಪೆಲ್ಲ ಸೇರುವುದು ಆ ನೀರಿನಲ್ಲೇ, ಕುಂಡದ ಗಿಡಕ್ಕೆ ಬೇಡ. ಕೋಕೋಪೀಟ್ ಇಟ್ಟಿಗೆ ತಂದರೂ ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿಯೇ ಬಳಸಿ. ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯದಾದರೆ ಅದರಲ್ಲೂ ಉಪ್ಪಿರುತ್ತದೆ. ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ಸ್ವಚ್ಛವಾಗಿ ಬಂದರೆ ಗಿಡ ಸರಿಹೋಯಿತೆಂದು ತಿಳಿಯಿರಿ.

ಪ್ರಶ್ನೆ: ನಮ್ಮ ಬಳ್ಳಿ 7 ಅಡಿ ಇಳಿದಿದೆ, ಆದರೆ ಎಲೆ ವೀಳ್ಯದೆಲೆಗಿಂತ ಚಿಕ್ಕದು, ಮೇಲಿನ ಅರ್ಧ ಬೋಳು. ಪಕ್ಕದ ತೋಟದ ಹಲಸಿನ ಮರಕ್ಕೆ ಹಬ್ಬಿದ ಮನಿಪ್ಲಾಂಟ್‌ನ ಎಲೆ ಗೆರಸೆಯಷ್ಟಿದೆ. ಅದು ಬೇರೆ ಜಾತಿಯೇ?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಎರಡೂ ಒಂದೇ, ಎಪಿಪ್ರೆಮ್ನಮ್ ಆರಿಯಮ್. ಪೆಸಿಫಿಕ್ ಸಾಗರದ ಮೂರೆಯಾ ದ್ವೀಪದ ಮೂಲದ ಗಿಡ. ಮರ ಹತ್ತುವುದು ಅದರ ಸ್ವಭಾವ. ಗಂಟಿನ ಬೇರು ಒದ್ದೆ ತೊಗಟೆಗೆ ಕಚ್ಚಿಕೊಂಡು ಮೇಲೇರಿದಂತೆ ಎಲೆ ಹಿಗ್ಗುತ್ತದೆ, ಬಲಿತ ಎಲೆ ಸೀಳುತ್ತದೆ ಕೂಡ. ಜೋತುಬಿಟ್ಟ ಬಳ್ಳಿಯಲ್ಲಿ ಕಚ್ಚಿಕೊಳ್ಳಲು ಏನೂ ಸಿಗದೆ ಎಲೆ ಎಳೆತನದ ಅಳತೆಯಲ್ಲೇ ನಿಲ್ಲುತ್ತದೆ.

ದೊಡ್ಡ ಎಲೆ ಬೇಕಿದ್ದರೆ ಒಂದೂವರೆ ಇಂಚಿನ, 3 ಅಡಿ ಉದ್ದದ ಪಿವಿಸಿ ಪೈಪಿಗೆ ಕಾಯಿಸಿಪ್ಪೆಯ ನಾರನ್ನು ಒಂದು ಇಂಚು ದಪ್ಪ ಸುತ್ತಿ, ಹುರಿಹಗ್ಗದಿಂದ ಬಿಗಿದು ಕುಂಡದ ತಳದವರೆಗೆ ಊರಿ. ಬಳ್ಳಿಯನ್ನು ಕಟ್ಟುವಾಗ ಗಂಟಿನ ಬೇರಿನ ಬದಿ ನಾರಿಗೆ ತಾಗಲಿ. ನಾರು ಒದ್ದೆಯಿದ್ದರೆ ಮಾತ್ರ ಬೇರು ಒಳಹೊಗುತ್ತದೆ, ಬೇಸಿಗೆಯಲ್ಲಿ ದಿನಕ್ಕೊಮ್ಮೆ ನೀರು ಚಿಮುಕಿಸಿ. ಅಡಿಕೆ, ತೆಂಗಿನ ಮರಕ್ಕೆ ಮಾತ್ರ ಹಬ್ಬಿಸಬೇಡಿ. ಕಾಂಡವಿಡೀ ಮುಚ್ಚಿದರೆ ಕೊಯ್ಲಿಗೆ ಹತ್ತುವವರಿಗೆ ಅಪಾಯ. ಆ ಜಾಗ ಕರಿಮೆಣಸಿಗಿರಲಿ.

ಜೋತುಬಿಟ್ಟೇ ಬೆಳೆಸುವುದಾದರೆ ಬೋಳಾದದ್ದಕ್ಕೆ ಕಾರಣ ಹೆಚ್ಚಾಗಿ ಕೊಕ್ಕೆಯ ಎತ್ತರ. ಸೀಲಿಂಗಿಗೆ ತಾಗಿ ನೇತುಹಾಕಿದ ಕುಂಡದ ನೆತ್ತಿ ಕಿಟಕಿಯ ಮೇಲಂಚಿಗಿಂತ ಮೇಲಿರುತ್ತದೆ, ಬುಡಕ್ಕೆ ಬೆಳಕೇ ಇಲ್ಲ. ಕುಂಡದ ಬಾಯಿ ಕಿಟಕಿ ಗಾಜಿನ ಮಟ್ಟಕ್ಕೆ ಇಳಿಯಲಿ. ಮಧ್ಯಾಹ್ನ ಗಿಡದ ಜಾಗದಲ್ಲಿ ಬಿಳಿ ಹಾಳೆಯಿಟ್ಟು ಒಂದಡಿ ಮೇಲೆ ಕೈ ಹಿಡಿಯಿರಿ. ಅಂಚು ಮಸುಕಾದ ನೆರಳು ಬಿದ್ದರೆ ಬೆಳಕು ಸಾಕು, ನೆರಳೇ ಬೀಳದಿದ್ದರೆ ಜಾಗ ಬದಲಿಸಿ. ಬಳ್ಳಿಯನ್ನು ಮಣ್ಣಿನಿಂದ 5 ಇಂಚು ಬಿಟ್ಟು ಕತ್ತರಿಸಿದರೆ ಉಳಿದ ಗಂಟುಗಳು ತಿಂಗಳೊಳಗೆ ಚಿಗುರುತ್ತವೆ. ಕತ್ತರಿಸಿದ್ದನ್ನು ಅದೇ ಕುಂಡಕ್ಕೆ ಚುಚ್ಚಿ.

ಪ್ರಶ್ನೆ: ಬಿಳಿ ಪಟ್ಟೆಯ ಮಾರ್ಬಲ್ ಕ್ವೀನ್ ಮನಿಪ್ಲಾಂಟ್ ತಂದಿದ್ದೆ. ಒಂದು ವರ್ಷದಲ್ಲಿ ಬರೀ ಹಸಿರು ಎಲೆ.
– ಓದುಗರೊಬ್ಬರು, ಕಂಕನಾಡಿ

ಉತ್ತರ: ಬಿಳಿ ಭಾಗದಲ್ಲಿ ಪತ್ರಹರಿತ್ತಿಲ್ಲ, ಅದು ಅಡುಗೆ ಮಾಡದೆ ಉಣ್ಣುವ ಭಾಗ. ಹಸಿರು ಕವಲು ವೇಗವಾಗಿ ಬೆಳೆದು ಉಳಿದದ್ದನ್ನು ಹಿಂದಕ್ಕೆ ಹಾಕುತ್ತದೆ. ಕತ್ತರಿಸುವಾಗ ಎಲೆಯನ್ನಲ್ಲ, ಕಾಂಡವನ್ನು ನೋಡಿ. ಕಾಂಡದ ಮೇಲೆ ಬಿಳಿ ಗೆರೆ ಓಡುತ್ತಿರುತ್ತದೆ. ಗಂಟಿನ ಮೊಗ್ಗು ಆ ಗೆರೆಯೂ ಹಸಿರೂ ಸೇರುವಲ್ಲಿ ಕೂತಿದ್ದರೆ ಚಿಗುರು ಪಟ್ಟೆಯಾಗಿ ಬರುವ ಸಾಧ್ಯತೆ ಹೆಚ್ಚು. ಪೂರ್ತಿ ಹಸಿರು ಕಾಂಡವಾದರೆ ಹಸಿರೇ. ಪಟ್ಟೆ ಗೆರೆಯಿರುವ ಕೊನೆಯ ಗಂಟಿನವರೆಗೆ ಹಿಂದಕ್ಕೆ ಕತ್ತರಿಸಿ, ಗಿಡವನ್ನು ನೇರ ಬಿಸಿಲು ಬೀಳದ ಆದರೆ ಒಳ್ಳೆ ಬೆಳಕಿರುವ ಕಿಟಕಿಗೆ ತನ್ನಿ.

ಪ್ರಶ್ನೆ: ಎಲೆಯ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು, ಇರುವೆಯೂ ಓಡಾಡುತ್ತಿದೆ.
– ಓದುಗರೊಬ್ಬರು, ಸುರತ್ಕಲ್

ಉತ್ತರ: ಹಿಟ್ಟು ತಿಗಣೆ. ಅದರ ಸಿಹಿ ಸ್ರಾವಕ್ಕೆ ಇರುವೆ ಬಂದಿದೆ. ಗಿಡವನ್ನು ಬೇರೆಯಿಡಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೂ ಒರೆಸಿ. ಬಳಿಕ ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಕಲಕಿ, ಸಂಜೆ ಎಲೆಯ ಅಡಿಗೂ ಸಿಂಪಡಿಸಿ. ಏಳು ದಿನಕ್ಕೊಮ್ಮೆ, ಮೂರು ಸಲ. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯಿಂದ ಬಂದ ಮರಿಗಳು ಮತ್ತೆ ತುಂಬುತ್ತವೆ.

ಪ್ರಶ್ನೆ: ಅಂಬೆಗಾಲಿಡುವ ಮಗುವಿದೆ, ಬೆಕ್ಕೂ ಇದೆ. ಮನಿಪ್ಲಾಂಟ್ ವಿಷವೇ?
– ತಾಯಿಯೊಬ್ಬರು, ಕಾಪು

ಉತ್ತರ: ಪತ್ರೊಡೆಗೆ ಹುಣಸೆಹುಳಿ ಯಾಕೆ ಹಾಕುತ್ತೇವೆಂದು ನಿಮಗೆ ಗೊತ್ತು. ಕೆಸುವಿನೆಲೆಯ ತುರಿಕೆಗೆ. ಮನಿಪ್ಲಾಂಟ್ ಅದೇ ಕುಟುಂಬದ್ದು, ಇದರಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಆದರೆ ಇದು ತಿನ್ನುವ ಗಿಡವಲ್ಲ, ಬೇಯಿಸಿಯೂ ಅಲ್ಲ. ಜಗಿದರೆ ಬಾಯಿ, ತುಟಿ ಉರಿದು ಬಾತು ಜೊಲ್ಲು ಸುರಿಯುತ್ತದೆ. ಬಾಯಲ್ಲಿ ಉಳಿದ ಚೂರು ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣೀರು ಕುಡಿಸಿ. ವಾಂತಿ ಮಾಡಿಸಬೇಡಿ. ನಾಲಿಗೆ ಬಾತರೆ, ನುಂಗಲು ಅಥವಾ ಉಸಿರಿಗೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಬೆಕ್ಕಾದರೆ ಪಶುವೈದ್ಯರ ಬಳಿಗೆ. ಮಗು ನಡೆಯಲು ಕಲಿತ ಮೇಲೆ ಜೋತ ಬಳ್ಳಿಯನ್ನು ಹಿಡಿದು ಎಳೆದರೆ ಕುಂಡವೇ ತಲೆಯ ಮೇಲೆ ಬೀಳಬಹುದು. ಆದ್ದರಿಂದ ಬಳ್ಳಿಯ ತುದಿ ನೆಲದಿಂದ 4 ಅಡಿಗಿಂತ ಕೆಳಗಿಳಿಯದಂತೆ ತಿಂಗಳಿಗೊಮ್ಮೆ ಕತ್ತರಿಸಿ, ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಿ.