40 ಸೆಕೆಂಡಿಗೇ ನಿಲ್ಲಿಸಿದ್ದು ಸ್ನಾಯುವೋ, ಭಯವೋ?

ನಮಸ್ಕಾರ. ಮಂಚದ ಅಂಚಿನಲ್ಲಿ ಬೋರಲು ಮಲಗಿ, ಸೊಂಟದ ಮೇಲಿನ ಮೈಯನ್ನು ನೇರವಾಗಿ ಎತ್ತಿ ಹಿಡಿಯುವ ಪರೀಕ್ಷೆ 40 ಸೆಕೆಂಡಿಗೇ ಸಾಕಾಯಿತು, ಫಿಸಿಯೋ 'ನಿಮಗೆ ಭಯ ಜಾಸ್ತಿ' ಅಂದರು, ಹಾಗಾದರೆ ಬೆನ್ನು ನೋವು ಬರೀ ಭ್ರಮೆಯಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಿಮ್ಮ ನೋವು ನಿಜ.

ಅದು ಸೋರೆನ್‌ಸೆನ್ ಪರೀಕ್ಷೆ. ಡೆನ್ಮಾರ್ಕಿನ ಬೀರಿಂಗ್-ಸೋರೆನ್‌ಸೆನ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಆ ಹೆಸರು ಬಂತು. ಹೆಚ್ಚೆಂದರೆ 240 ಸೆಕೆಂಡಿಗೆ ಪರೀಕ್ಷೆ ನಿಲ್ಲಿಸುತ್ತಾರೆ. ಅಳೆಯುವುದು ಬೆನ್ನಿನ ಸ್ನಾಯುಗಳ ತಾಳಿಕೆಯನ್ನೇ. ಆದರೆ ನೀವು ಯಾವಾಗ ನಿಲ್ಲಿಸಿದಿರಿ ಅನ್ನುವುದಷ್ಟೇ ಅದರಲ್ಲಿ ಗೊತ್ತಾಗುತ್ತದೆ, ಯಾಕೆ ಅನ್ನುವುದಲ್ಲ. ಸ್ನಾಯು ದಣಿದಿರಬಹುದು. ನೋವು ಬಂದಿರಬಹುದು. 'ಇನ್ನೂ ಹಿಡಿದರೆ ಡಿಸ್ಕ್ ಜಾರುತ್ತೆ' ಅಂತ ಅನ್ನಿಸಿಯೂ ಇರಬಹುದು.

ಈ ಮೂರನೆಯದು ಸುಮ್ನೆ ಮನಸ್ಸಿನಲ್ಲೇ ಉಳಿಯುವುದಿಲ್ಲ. ಹೆದರಿದವರು ಬಗ್ಗುವುದು, ಬಿಂದಿಗೆ ಎತ್ತುವುದು ಬಿಡುತ್ತಾರೆ. ಕೆಲಸವಿಲ್ಲದ ಸ್ನಾಯು ನಿಜಕ್ಕೂ ಸೋಲುತ್ತದೆ. ಬೇಗ ದಣಿದಾಗ 'ನೋಡು, ಬೆನ್ನು ಕೆಟ್ಟಿದೆ' ಎಂದು ಭಯ ಇನ್ನೂ ಗಟ್ಟಿಯಾಗುತ್ತದೆ. ಎರಡೂ ಒಂದನ್ನೊಂದು ಬೆಳೆಸುತ್ತವೆ ಅಲ್ವಾ? ಹಾಗಾಗಿ ಬರೀ ವ್ಯಾಯಾಮ ಅಥವಾ ಬರೀ ಧೈರ್ಯದ ಮಾತು ಎಲ್ಲರಿಗೂ ಸಾಲುವುದಿಲ್ಲ.

ಮುಂದಿನ ಸಲ ಯಾಕೆ ನಿಲ್ಲಿಸಿದಿರಿ ಎಂದು ಫಿಸಿಯೋಗೆ ಬಿಡಿಸಿ ಹೇಳಿ. ನಿಮಗೆ ಅತಿ ಹೆದರಿಕೆಯ ಚಲನೆ ಯಾವುದೋ ಅದನ್ನು ಅವರ ಎದುರೇ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. ಇವತ್ತು 20 ಸೆಕೆಂಡು ಆದರೂ ಸಾಕು.

ಒಂದು ಮಾತು: ಕಾಲಿನ ಶಕ್ತಿ ಕುಂದುವುದು, ತೊಡೆಸಂದಿಯಲ್ಲಿ ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.