ಉತ್ತರ: ಸ್ಯಾಮ್‌ಗೆ ಹತೋಟಿ ಮರಳಿದ್ದು ಹೇಗೆ?

ಡೊಂಬಿವಲಿಯ ಓದುಗರೇ, ಅಮೆರಿಕದ ಟಿವಿ ಸರಣಿ ‘ಸೂಪರ್‌ನ್ಯಾಚುರಲ್’ನ 5ನೇ ಸೀಸನ್ನಿನ ಕೊನೇ ಕಂತಿನಲ್ಲಿ (2010) ತನ್ನ ಮೈಯೊಳಗೆ ಹೊಕ್ಕಿದ್ದ ಸೈತಾನ ಲೂಸಿಫರ್‌ನ ಹಿಡಿತದಿಂದ ನಾಯಕ ಸ್ಯಾಮ್ ಇದ್ದಕ್ಕಿದ್ದಂತೆ ಹೊರಬಂದದ್ದು ಹೇಗೆ ಅಂತ ಕೇಳಿದ್ದೀರಿ. ಇದ್ದಕ್ಕಿದ್ದಂತೆ ಅಲ್ಲವೇ ಅಲ್ಲ. ಸ್ಯಾಮ್‌ನ ಮೈಯಲ್ಲಿರುವ ಲೂಸಿಫರ್ ಅವನ ಅಣ್ಣ ಡೀನ್‌ಗೆ ಗುದ್ದುತ್ತಿರುವಾಗ ಅಣ್ಣತಮ್ಮಂದಿರ ಇಂಪಾಲಾ ಕಾರಿನ ಮೇಲೆ ಬಿಸಿಲು ಫಳ್ಳನೆ ಹೊಳೆಯುತ್ತದೆ, ಕಣ್ಣು ಒಳಗಿನ ಆ್ಯಶ್‌ಟ್ರೇಗೆ ಹೋಗುತ್ತದೆ. ಅಲ್ಲಿ ಸ್ಯಾಮ್ ಚಿಕ್ಕಂದಿನಲ್ಲಿ ತುರುಕಿದ್ದ ಪ್ಲಾಸ್ಟಿಕ್ ಸಿಪಾಯಿ! ಕಂತಿನ ನಿರೂಪಕ ಚಕ್ ಕಾರಿನ ಕಥೆ ಹೇಳುವಾಗಲೇ ಆ ಸಿಪಾಯಿಯ ಮಾತು ಬಂದಿರುತ್ತದೆ. ಆ ಭಾಗ ನೋಡದೆ ಮುಂದಕ್ಕೆ ಓಡಿಸಿದರೆ ಕೊಂಡಿಯೇ ತಪ್ಪುತ್ತದೆ. ಆಮೇಲಿನದು ಸರಳ: ಸ್ಯಾಮ್ ನಾಲ್ಕು ಮಾಂತ್ರಿಕ ಉಂಗುರ ಎಸೆದು ಲೂಸಿಫರ್‌ನ ಸೆರೆಮನೆಯಾದ ಗುಂಡಿ ತೆರೆಯುತ್ತಾನೆ, ತಡೆಯಲು ಬಂದ ದೇವದೂತ ಮೈಕಲ್‌ನನ್ನೂ ಎಳೆದುಕೊಂಡೇ ಬೀಳುತ್ತಾನೆ. ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯುತ್ತಮ ದೃಶ್ಯ ಇದೇ. ಲೋಕಲ್‌ ಟ್ರೇನಿನ ನೂಕುನುಗ್ಗಲಲ್ಲಿ ಮೊಬೈಲಿನಲ್ಲಿ ನೋಡಿದರೆ ಸಿಪಾಯಿ ಕಾಣುವುದಿಲ್ಲ. ಮನೆಯಲ್ಲಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿ ನೋಡಿ. ಕೊನೆಯಲ್ಲಿ ಆರುವ ಬೀದಿದೀಪದ ಕೆಳಗೆ ಯಾರು ನಿಂತಿದ್ದಾರೆಂದೂ ಗಮನಿಸಿ.